ಬಿದ್ದ ಮರದ ಹೆಸರು

ಕಳೆದ ಚಿತ್ತಾ ಮಳೆಯ ಒಂದು ರಾತ್ರಿ ನಮ್ಮ ಬೀದಿಯ ಕೊನೆಯಲ್ಲಿದ್ದ ದೊಡ್ಡ ಮರ ಬಿದ್ದುಹೋಯಿತು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇದೇನೂ ಅಪರೂಪದ ಸಂಗತಿಯಲ್ಲ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಒಂದು ಕಾಂಪೌಂಡು ಗೋಡೆ ಕುಸಿಯಿತು, ತಂತಿ ಹರಿದು ಬೆಳಗಿನವರೆಗೆ ಬೀದಿಯೆಲ್ಲ ಕತ್ತಲಾಗಿತ್ತು. ಬೆಳಗ್ಗೆ ಹೋಗಿ ನೋಡಿದರೆ, ಆಳಕ್ಕೆ ಇಳಿಯಲು ಎಡೆಯಿಲ್ಲದೆ ಅಗಲಕ್ಕೆ ಹರಡಿಕೊಂಡಿದ್ದ ಬೇರುಗಳು ಪಾದಚಾರಿ ದಾರಿಯ ಕಲ್ಲುಚಪ್ಪಡಿಗಳನ್ನು ಎತ್ತಿಕೊಂಡು ಗೋಡೆಯಂತೆ ನಿಂತಿದ್ದವು. ನಾನು ಹುಟ್ಟಿ ಬೆಳೆದದ್ದು ಆ ಬೀದಿಯಲ್ಲೇ. ಅರುವತ್ತು ವರ್ಷ ತಲೆಯೆತ್ತಿ ನೋಡಿದ ಮರವನ್ನು ಅಂದು ತಲೆ ತಗ್ಗಿಸಿ ನೋಡಬೇಕಾಯಿತು.

ನೆರೆದವರಲ್ಲಿ ಹಿರಿಯರೊಬ್ಬರು, "ಇದೇ ಜಾತಿಯ ಗಿಡವನ್ನೇ ಇಲ್ಲಿ ಮತ್ತೆ ನೆಡಿಸೋಣ" ಎಂದರು. ಎಲ್ಲರೂ ಒಪ್ಪಿದರು. ಒಪ್ಪಿದ ಮೇಲೆ ತೊಡಕು ಕಂಡಿತು: ಇದು ಯಾವ ಜಾತಿ? ಗುಲ್‌ಮೊಹರ್ ಎಂದರು ಒಬ್ಬರು. ಅಲ್ಲ, ಬಾಗೆ ಎಂದರು ಇನ್ನೊಬ್ಬರು. ಯಾವುದೋ ಕಾಡುಹುಣಿಸೆ ಎಂಬುದು ಮೂರನೆಯವರ ಮತ. ಹೂವಿನ ಬಣ್ಣವನ್ನಾದರೂ ಹೇಳಿ ಎಂದರೆ ಕೆಂಪು, ಬಿಳಿ, ನಸುಗೆಂಪು ಎಂದು ಮೂರು ಉತ್ತರ ಬಂದವು. ಅಷ್ಟೊಂದು ಎತ್ತರದಲ್ಲಿ ಅರಳುವ ಹೂವನ್ನು ಯಾರು ನೋಡಿದ್ದರು! ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವೇ ಹೇಳಿಬಿಡಿ" ಎಂದರು. ನಾನು ಇತಿಹಾಸದ ಮೇಷ್ಟರು. ರಾಜರ ಹೆಸರು, ಯುದ್ಧದ ಇಸವಿ ಕೇಳಿದ್ದರೆ ಹೇಳುತ್ತಿದ್ದೆನೇನೋ. ಮನೆಯಿಂದ ನೂರು ಹೆಜ್ಜೆಯಲ್ಲಿದ್ದ ಮರದ ಹೆಸರು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಒಂದು ಸಣ್ಣ ರೆಂಬೆಯನ್ನು ಮುರಿದುಕೊಂಡು ಮನೆಗೆ ಬಂದು ನೀರಿನ ಚೆಂಬಿನಲ್ಲಿ ಇಟ್ಟೆ.

ಹೂವಿಲ್ಲ, ಕಾಯಿಲ್ಲ, ಇರುವುದು ಎಲೆ ಮಾತ್ರ. ಇದು ದೊಡ್ಡ ಪಂಡಿತರಿಗೂ ಕಷ್ಟದ ಸ್ಥಿತಿ ಎಂದು ಆಮೇಲೆ ಓದಿ ತಿಳಿದುಕೊಂಡೆ. ಸ್ವೀಡನ್ ದೇಶದ ಲಿನೇಯಸನು 1753ನೆಯ ಇಸವಿಯಲ್ಲಿ ಪ್ರಪಂಚದ ಗಿಡಮರಗಳಿಗೆಲ್ಲ ಎರಡೆರಡು ಪದಗಳ ಹೆಸರನ್ನು ಕೊಟ್ಟು ದೊಡ್ಡ ಗ್ರಂಥವನ್ನು ಪ್ರಕಟಿಸಿದನಷ್ಟೆ. ಅವನು ಸಸ್ಯಗಳನ್ನು ವಿಂಗಡಿಸಿದ್ದು ಹೂವಿನ ಕೇಸರಗಳನ್ನು ಎಣಿಸಿ. ಹೂವಿಲ್ಲದ ರೆಂಬೆ ಅವನ ಲೆಕ್ಕದಲ್ಲಿ ಊರು ಹೇಳದ ಪ್ರಯಾಣಿಕನಂತೆ. ಆದರೆ ಮರದ ಜೊತೆಯಲ್ಲಿ ಬದುಕುವವರು ಹೂವಿನ ಕಾಲಕ್ಕಾಗಿ ಕಾಯುವ ಹಾಗಿಲ್ಲ. ಮದ್ದಿಗೆ, ಮೇವಿಗೆ, ನೇಗಿಲಿಗೆ ಬೇಕಾದ ಮರವನ್ನು ವರ್ಷದ ಹನ್ನೆರಡು ತಿಂಗಳೂ ಗುರುತಿಸಬೇಕು. ಆದ್ದರಿಂದ ಎಲೆ, ತೊಗಟೆ, ವಾಸನೆಗಳೇ ಅವರ ಶಾಸ್ತ್ರ.

ಈ ಶಾಸ್ತ್ರವನ್ನು ಪುಸ್ತಕದ ಪಂಡಿತರು ಬೇಡಿ ಪಡೆದದ್ದುಂಟು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡನು ಮಲಬಾರಿನ ಸಸ್ಯಗಳ ಮೇಲೆ ಬರೆಯಿಸಿದ 'ಹಾರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದರ ಅರಿವೆಲ್ಲ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನದು. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರದು. ಈ ಮೂವರು 1675ರಲ್ಲಿ ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಪತ್ರ ಆ ಗ್ರಂಥದಲ್ಲಿಯೇ ಅಚ್ಚಾಗಿದೆ. ಲಿನೇಯಸನೂ ಆ ಸಂಪುಟಗಳನ್ನು ಬಳಸಿಕೊಂಡನು. ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳ ಒಳಗೆ ನಮ್ಮ ಕಡೆಯ ಮಾತುಗಳು ಸೇರಿಕೊಂಡದ್ದೂ ಹೀಗೆಯೇ. ಸಂಪಿಗೆಯ ಶಾಸ್ತ್ರನಾಮದಲ್ಲಿ ಚಂಪಕವಿದೆ, ಅಶೋಕದ ಶಾಸ್ತ್ರನಾಮದಲ್ಲಿ ಅಶೋಕವೇ ಇದೆ. ನಮ್ಮ ಹೊಂಗೆಯನ್ನು 'ಪೊಂಗಾಮಿಯ' ಎಂದು ಕರೆದಿದ್ದಾರೆ. ತೆಂಕಣದ 'ಪೊಂಗಂ' ಅದರ ಮೂಲ.

ಇನ್ನು ನಮ್ಮ ರಾಜ್ಯದ ಸಂಗತಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಗೆದ್ದ ಸೀಮೆಯಲ್ಲಿ ಏನೇನಿದೆ ಎಂದು ನೋಡಿ ಬರಲು ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದನು. ಅವನು 1800ನೆಯ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದು ಹೈದರನ ಮತ್ತು ಟಿಪ್ಪುವಿನ ತೋಟಗಳನ್ನು ನೋಡಿದನು. ಚೌಕಚೌಕವಾದ ಪಾತಿಗಳು, ನಡುವೆ ನಡೆದಾಡುವ ದಾರಿಗಳು, ದಾರಿಯ ಇಕ್ಕೆಲದಲ್ಲಿ ಸೈಪ್ರೆಸ್ ಮರಗಳು ಎಂದು ಬರೆದಿದ್ದಾನೆ. ಕಾಡು ಹೊಕ್ಕಾಗ ಮರಗಳ ಪಟ್ಟಿಯನ್ನು ಮಾಡುತ್ತ ಜನ ಹೇಳಿದ ಕನ್ನಡ ಹೆಸರುಗಳನ್ನೂ ಬರೆದುಕೊಂಡನು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಆ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಸೊಟ್ಟಗಾಗಿ ಕುಳಿತಿವೆ. ಹೆಸರು ಹೇಳಿದವರ ಹೆಸರು ಮಾತ್ರ ಇಲ್ಲ.

ಬೀದಿಯಲ್ಲಿ ಬಿದ್ದ ನಮ್ಮ ಮರ ಬುಕಾನನನ ಪಟ್ಟಿಯಲ್ಲಿ ಸಿಕ್ಕೀತೇ? ಅದನ್ನು ಹುಡುಕುವ ಮೊದಲು ಚೆಂಬಿನ ರೆಂಬೆಯನ್ನು ಸರಿಯಾಗಿ ನೋಡಬೇಕಾಗಿತ್ತು.

ನೋಡಲು ಕುಳಿತಾಗ ಗೊತ್ತಾದ ಮೊದಲನೆಯ ಸಂಗತಿಯೆಂದರೆ, ನಾನು ಎಲೆ ಎಂದುಕೊಂಡದ್ದು ಎಲೆಯೇ ಅಲ್ಲ. ಎಲೆಯ ತೊಟ್ಟು ರೆಂಬೆಯನ್ನು ಸೇರುವ ಕಂಕುಳಲ್ಲಿ ಒಂದು ಮೊಗ್ಗು ಇರುತ್ತದೆ. ಮೊಗ್ಗು ಎಲ್ಲಿದೆಯೋ ಅಲ್ಲಿಂದ ಆಚೆಗೆ ಇರುವುದೆಲ್ಲ ಸೇರಿ ಒಂದೇ ಎಲೆ. ನನ್ನ ಕೈಯಲ್ಲಿದ್ದದ್ದು ಐದು ಜೊತೆ ಕವಲುಗಳೂ, ಕವಲಿಗೆ ಐದಾರು ಜೊತೆ ಕಿರುಎಲೆಗಳೂ ಇದ್ದ ಒಂದೇ ಒಂದು ಎಲೆ! ಗುಲ್‌ಮೊಹರಿನ ಎಲೆಯೂ ಹೀಗೆ ಕವಲೊಡೆದದ್ದೇ. ಆದರೆ ಅದರಲ್ಲಿ ಕವಲಿಗೆ 20ಕ್ಕೂ ಹೆಚ್ಚು ಜೊತೆ ಕಿರುಎಲೆಗಳು, ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಆದ್ದರಿಂದ ಗುಲ್‌ಮೊಹರಿನ ವಾದ ಬಿದ್ದುಹೋಯಿತು. ಹುಣಿಸೆಯಲ್ಲಿ ನಡುದಂಟು ಕವಲೊಡೆಯುವುದೇ ಇಲ್ಲ. ಆ ವಾದವೂ ಹೋಯಿತು.

ಉಳಿದದ್ದು ಬಾಗೆ, ಅಂದರೆ ಕಾಳಿದಾಸನ ನಾಯಿಕೆಯರು ಕಿವಿಗೆ ಮುಡಿಯುತ್ತಿದ್ದ ಶಿರೀಷ. ಹೋಲಿಕೆ ಬಹಳ ಹತ್ತಿರ. ಆದರೆ ನಮ್ಮ ರೆಂಬೆಯಲ್ಲಿ ಕಿರುಎಲೆಗಳು ಬುಡದಲ್ಲಿ ಚಿಕ್ಕದಾಗಿ, ತುದಿಗೆ ಹೋದಂತೆ ದೊಡ್ಡದಾಗುತ್ತಿದ್ದವು. ಒಂದೊಂದೂ ವಾರೆಯಾಗಿ ಕತ್ತರಿಸಿದ ಕೊಬ್ಬರಿ ಮಿಠಾಯಿಯ ಬಿಲ್ಲೆಯಂತೆ ಒಂದು ಪಕ್ಕಕ್ಕೆ ಸೊಟ್ಟ. ಮೇಲ್ಗಡೆ ಹೊಳಪು, ಕೆಳಗಡೆ ನವಿರಾದ ರೋಮ. ಇವು ಮಳೆ ಮರದ ಗುರುತುಗಳು. ಬೇಸಗೆಯಲ್ಲಿ ಕಾಲಿಗೆ ಅಂಟುತ್ತಿದ್ದ, ದನಗಳು ಆಸೆಯಿಂದ ತಿನ್ನುತ್ತಿದ್ದ ಕಪ್ಪು ಸಿಹಿಕಾಯಿಗಳು ಆಗ ನನಗೆ ನೆನಪಾದವು. ಬಾಗೆಯ ಕಾಯಾದರೋ ಕಾಗದದಂತೆ ಒಣಗಿ ಗಾಳಿಗೆ ಗಲಗಲ ಎನ್ನುವಂಥದು. ಸಂಶಯ ಉಳಿಯಲಿಲ್ಲ.

ಅಂದ ಮೇಲೆ ಬುಕಾನನನ ಪಟ್ಟಿಯಲ್ಲಿ ಇದನ್ನು ಹುಡುಕುವುದು ವ್ಯರ್ಥ. 1800ರಲ್ಲಿ ಈ ಮರ ನಮ್ಮ ನಾಡಿನಲ್ಲಿ ಇರಲೇ ಇಲ್ಲ. ಅದೇ 1800ರಲ್ಲಿ ಅದು ಎಲ್ಲಿತ್ತು ಎಂಬುದು ಮಾತ್ರ ಚೆನ್ನಾಗಿ ಗೊತ್ತಿದೆ. ಆ ವರ್ಷದ ಮೊದಲ ತಿಂಗಳುಗಳಲ್ಲಿ ಜರ್ಮನಿಯ ಹಂಬೋಲ್ಟ್ ಎಂಬ ಪ್ರವಾಸಿ ದಕ್ಷಿಣ ಅಮೆರಿಕದ ವೆನೆಜುವೆಲದಲ್ಲಿ ಇಂಥದೇ ಒಂದು ಮುದಿಮರದ ಕೆಳಗೆ ನಿಂತಿದ್ದನು. ಅದರ ಕೊಡೆಯ ಸುತ್ತಳತೆ 576 ಅಡಿ ಎಂದು ಬರೆದಿದ್ದಾನೆ. ಅಲ್ಲಿನ ಮೂಲನಿವಾಸಿಗಳು ಆ ಮರವನ್ನು ಪೂಜ್ಯಭಾವದಿಂದ ಕಾಣುತ್ತಿದ್ದರು. ಅದರ ಒಂದು ಕೊಂಬೆ ಕಡಿದ ರೈತನೊಬ್ಬನ ಮೇಲೆ ಜಮೀನಿನ ಒಡೆಯನು ದಾವೆ ಹೂಡಿ, ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತ್ತು. ಆ ಜನ ಮರವನ್ನು 'ಸಮಾಂಗ್' ಎಂದು ಕರೆಯುತ್ತಿದ್ದರು. ಅದೇ 1800ರಲ್ಲಿ ವಿಯೆನ್ನಾದ ಜಾಕ್ವಿನ್ ಎಂಬ ಪಂಡಿತನು ಈ ಜಾತಿಗೆ 'ಮಿಮೋಸಾ ಸಮಾನ್' ಎಂದು ಹೆಸರಿಟ್ಟು ಪ್ರಕಟಿಸಿದನು. 1916ರಲ್ಲಿ ಮೆರಿಲ್ ಎಂಬುವನು ಅದನ್ನು 'ಸಮಾನಿಯ ಸಮಾನ್' ಎಂದು ಬದಲಿಸಿದನು. ಪಂಡಿತರು ಎಷ್ಟು ಸಲ ತಿದ್ದಿದರೂ ಕಾಡಿನ ಜನ ಇಟ್ಟ ಹೆಸರು ಅಳಿಯಲಿಲ್ಲ. ಈಗ ಎರಡು ಸಲ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮರ ಸಮುದ್ರ ದಾಟಿ ನಮ್ಮ ಕಡೆಗೆ ಬಂದಿತು. ಬೆಂಗಳೂರಿನಲ್ಲಿ ಹೈದರನು 1760ರಲ್ಲಿ ಪ್ರಾರಂಭಿಸಿದ ಲಾಲ್‌ಬಾಗು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿ, ಹೊರನಾಡಿನ ಗಿಡಗಳಿಗೆಲ್ಲ ತಂಗುದಾಣವಾಗಿತ್ತು. 1908ರಿಂದ 1932ರವರೆಗೆ ಅದನ್ನು ನೋಡಿಕೊಂಡ ಕ್ರುಂಬಿಗಲ್ಲನು, ವರ್ಷದ ಯಾವ ಕಾಲದಲ್ಲಿಯೂ ಊರಿನ ಯಾವುದಾದರೊಂದು ಬೀದಿಯಲ್ಲಿ ಹೂವಿರಬೇಕೆಂದು ಆಲೋಚಿಸಿ ಸಾಲುಮರಗಳನ್ನು ನೆಡಿಸಿದನು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂದ ದಕ್ಷಿಣ ಅಮೆರಿಕದ್ದು, ಸಿಲ್ವರ್ ಓಕ್ ಆಸ್ಟ್ರೇಲಿಯದ್ದು. ನಮ್ಮ ಬೀದಿಗಳು ಪರದೇಶದ ಅತಿಥಿಗಳಿಂದ ತುಂಬಿದವು. ಹೆಸರು ಕೇಳಿಕೊಳ್ಳುವ ಸೌಜನ್ಯವನ್ನು ಮಾತ್ರ ನಾವು ಮರೆತೆವು. ಈ ಮರಕ್ಕೆ ಹಳೆಯ ಕನ್ನಡ ಹೆಸರು ಇಲ್ಲದಿರುವುದಕ್ಕೂ, ಜನ ಅದನ್ನು ತಮಗೆ ಗೊತ್ತಿದ್ದ ಬಾಗೆಯೊಂದಿಗೆ ಸೇರಿಸಿದ್ದಕ್ಕೂ ಇದೇ ಕಾರಣ.

ಹೀಗೆ ಎಲ್ಲವನ್ನೂ ಓದಿ ಮುಗಿಸುವ ಹೊತ್ತಿಗೆ ಸಂಜೆಯಾಗಿತ್ತು. ದೀಪ ಹಾಕಲು ಎದ್ದವನು ಚೆಂಬಿನ ಕಡೆ ನೋಡಿ ನಿಂತುಬಿಟ್ಟೆ. ರೆಂಬೆಯ ಕಿರುಎಲೆಗಳೆಲ್ಲ ಜೋತು, ಜೊತೆಜೊತೆಯಾಗಿ ಮಡಿಚಿಕೊಂಡಿದ್ದವು. ಬಾಡಿತು ಎಂದುಕೊಂಡೆ. ಮರುದಿನ ಬೆಳಗ್ಗೆ ನೋಡಿದರೆ, ತುಸು ಸೋತಂತೆ ಇದ್ದರೂ ಮತ್ತೆ ಬಿಡಿಸಿಕೊಂಡಿದ್ದವು! ಮರ ನೆಲಕ್ಕೆ ಬಿದ್ದಿತ್ತು, ರೆಂಬೆ ಮುರಿದಿತ್ತು. ಎಲೆ ಮಾತ್ರ ತನ್ನ ದಿನಚರಿಯನ್ನು ಬಿಟ್ಟಿರಲಿಲ್ಲ.

ಇದಕ್ಕೂ ದೊಡ್ಡ ಇತಿಹಾಸವಿದೆ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡರನ ನೌಕಾಪಡೆಯ ಆಂಡ್ರೋಸ್ಥೆನೀಸನು ಈಗಿನ ಬಹ್ರೇನ್ ದ್ವೀಪದಲ್ಲಿ ರಾತ್ರಿ ಮುಚ್ಚಿ ಹಗಲು ತೆರೆಯುವ ಮರವೊಂದನ್ನು ಕಂಡನು. ಆ ಮರ ಮಲಗುತ್ತದೆ ಎಂದು ಅಲ್ಲಿನ ಜನ ಹೇಳುತ್ತಿದ್ದರೆಂದು ಗ್ರೀಕ್ ಪಂಡಿತ ಥಿಯೋಫ್ರಾಸ್ಟಸನು ಬರೆದಿಟ್ಟಿದ್ದಾನೆ. ಅದು ಹುಣಿಸೆಯೆಂದು ವಿದ್ವಾಂಸರ ಅಭಿಪ್ರಾಯ. 1729ರಲ್ಲಿ ಫ್ರಾನ್ಸಿನ ದ ಮೆರಾನನು ಇಂಥ ಎಲೆಯ ಗಿಡವೊಂದನ್ನು ಕತ್ತಲಲ್ಲಿ ಇಟ್ಟು ನೋಡಿದನು. ಬಿಸಿಲಿನ ಸುಳಿವಿಲ್ಲದಿದ್ದರೂ ಅದು ಹಗಲಿನ ಹೊತ್ತಿಗೆ ತೆರೆದು ರಾತ್ರಿಯ ಹೊತ್ತಿಗೆ ಮುಚ್ಚುತ್ತಿತ್ತು. ಅಂದರೆ ಗಡಿಯಾರ ಗಿಡದ ಒಳಗೇ ಇದೆ. 1970ರ ದಶಕದಲ್ಲಿ ಅಮೆರಿಕದ ರೂತ್ ಸ್ಯಾಟರ್ ಎಂಬ ವಿಜ್ಞಾನಿ ಇದರ ಗುಟ್ಟನ್ನು ಹುಡುಕಲು ಆರಿಸಿಕೊಂಡದ್ದು ನಮ್ಮ ಈ ಮಳೆ ಮರವನ್ನೇ. ಕಿರುಎಲೆಯ ಬುಡದಲ್ಲಿ ಒಂದು ಉಬ್ಬಿದ ಗೆಣ್ಣು ಇದೆ. ಅದರ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಪೊಟ್ಯಾಸಿಯಂ ಲವಣ ಸರಿಯುತ್ತದೆ. ಲವಣದ ಹಿಂದೆ ನೀರು ಹೋಗುತ್ತದೆ. ನೀರು ತುಂಬಿದ ಮಗ್ಗುಲು ಉಬ್ಬಿ ಎಲೆ ತಿರುಗುತ್ತದೆ. ಮೋಡ ಕವಿದಾಗಲೂ ಈ ಎಲೆಗಳು ಮುಚ್ಚಿಕೊಳ್ಳುವುದರಿಂದ ಮಳೆ ಮರ ಎಂಬ ಹೆಸರು ಬಂದಿತೆಂದು ಹೇಳುವುದುಂಟು.

ನನಗೆ ಇದೆಲ್ಲಕ್ಕಿಂತ ಹೆಚ್ಚಾಗಿ ನಾಟಿದ್ದು ಬೇರೆ ಒಂದು ನೆನಪು. ನಾನು ಹೈಸ್ಕೂಲಿನಲ್ಲಿದ್ದಾಗ, ಸಂಜೆ ತುಳಸಿಗೆ ದೀಪ ಹಚ್ಚಿದ ಮೇಲೆ ಯಾರಾದರೂ ಗಿಡ ಮುಟ್ಟಿದರೆ ನಮ್ಮ ತಾಯಿ ಗದರಿಸುತ್ತಿದ್ದರು. ಒಮ್ಮೆ ಬೀದಿಯ ಕೊನೆಯ ಈ ಮರವನ್ನೇ ತೋರಿಸಿ, "ನೋಡು, ಅಷ್ಟು ದೊಡ್ಡ ಮರವೂ ಮಲಗಿತು" ಎಂದರು. ವಿಜ್ಞಾನದ ಪುಸ್ತಕ ಓದುತ್ತಿದ್ದ ನಾನು, "ಮಲಗೋದಕ್ಕೆ ಮರಕ್ಕೆ ಕಣ್ಣಿದೆಯೇನಮ್ಮಾ?" ಎಂದು ನಕ್ಕೆ. "ಮರಕ್ಕಿಲ್ಲದೇ ಇದ್ರೆ ಬೇಡ ಕಣೋ, ನಿನಗಿದೆಯಲ್ಲ, ನೋಡು" ಎಂದು ಅವರು ಒಳಗೆ ಹೋದರು. ನಾನು ನೋಡಲಿಲ್ಲ. ನೋಡುವುದಕ್ಕೆ ಮರ ಬೀಳಬೇಕಾಯಿತು. ನೋಡಿದೆನೆಂದು ಹೇಳಿಕೊಳ್ಳಲು ಈಗ ತಾಯಿಯವರಿಲ್ಲ. ಅವರಿಗೆ ಶಾಲೆಯ ಓದು ಇರಲಿಲ್ಲ. ಬಹ್ರೇನಿನ ಜನ ಹೇಳಿದ ಮಾತನ್ನೇ ಅವರು ತಾವಾಗಿ ಕಂಡು ಹೇಳಿದ್ದರು.

ಬೀದಿಯವರಿಗೆ ಉತ್ತರ ಕೊಡಬೇಕಾಗಿತ್ತಲ್ಲ. ಭಾನುವಾರ ಎಲ್ಲರೂ ಸೇರಿದಾಗ ಮರದ ಹೆಸರನ್ನೂ ಊರನ್ನೂ ಹೇಳಿದೆ. ಅದನ್ನೇ ಮತ್ತೆ ನೆಡಬಾರದೆಂದೂ ಹೇಳಿದೆ. ವಿಶಾಲವಾದ ಬಯಲಿನಲ್ಲಿ ಕೊಡೆ ಬಿಚ್ಚುವ ಮರ ಅದು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಡಾಂಬರು ಇರುವ ಮೂವತ್ತಡಿಯ ಬೀದಿಯಲ್ಲಿ ಅದನ್ನು ನಿಲ್ಲಿಸುವುದು ಅದಕ್ಕೂ ಅನ್ಯಾಯ, ನಮಗೂ ಅಪಾಯ. ಹೆಸರು ತಿಳಿದದ್ದರಿಂದ ಇಷ್ಟು ಪ್ರಯೋಜನವಾಯಿತು. ಕೊಂಚ ಚರ್ಚೆಯಾಗಿ, ಹೊಂಗೆಯ ಸಸಿ ನೆಡುವುದೆಂದು ನಿಶ್ಚಯವಾಯಿತು.

ಸಸಿ ನೆಟ್ಟ ದಿನ ಬೀದಿಯ ಮಕ್ಕಳನ್ನು ಕರೆದು ಅದರ ಒಂದು ಎಲೆಯನ್ನು ತೋರಿಸಿದೆ. "ಇದರಲ್ಲಿ ಎಷ್ಟು ಎಲೆ ಇದೆ?" ಎಂದೆ. "ಐದು" ಎಂದರು. ಮೊಗ್ಗು ಇರುವ ಜಾಗವನ್ನು ತೋರಿಸಿದ ಮೇಲೆ ಒಬ್ಬಳು ಹುಡುಗಿ, "ಹಾಗಾದರೆ ಒಂದೇ ತಾತ" ಎಂದಳು. ನಾನು ಅರುವತ್ತು ವರ್ಷಕ್ಕೆ ಕಲಿತದ್ದನ್ನು ಅವಳು ಆರು ವರ್ಷಕ್ಕೆ ಕಲಿತಳು. ಓದುಗರೂ ನಾಳೆ ಬೆಳಗ್ಗೆ ತಮ್ಮ ಮನೆಯ ಮುಂದಿನ ಮರದಿಂದ ಉದುರಿದ ಒಂದು ಎಲೆಯನ್ನು ಎತ್ತಿ ನೋಡಬಹುದು. ಮರ ನಿಂತಿರುವಾಗಲೇ ಅದರ ಹೆಸರನ್ನು ಕೇಳಿಕೊಂಡಿರುವುದು ಒಳ್ಳೆಯದು.