ಏಳು ತಿಂಗಳ ಕೂಸು ಮತ್ತು ದಾವಣಗೆರೆ ದಾರಿ

ಏಳಕ್ಕೆ ಹುಟ್ಟಿದ ಕೂಸು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯೋಲ್ಲ ಅನ್ನೋ ಮಾತು ನೀವೂ ಕೇಳಿರ್ತೀರಿ. ಗ್ರೀಸಿನ ಹಿಪ್ಪಾಕ್ರಟಿಸನ ಹೆಸರಿನ ಗ್ರಂಥಗಳಲ್ಲೂ ಇದೇ ನಂಬಿಕೆ ಇದೆ! ನಿಜ ಉಲ್ಟಾ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಮಿದುಳಿಗೆ ಲಾಭ.

1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್, ಕೈಕಾಲು ಬಿಗಿದುಕೊಂಡ ಮಕ್ಕಳಲ್ಲಿ ಅನೇಕರು ದಿನ ತುಂಬುವ ಮುಂಚೆ ಅಥವಾ ಉಸಿರುಗಟ್ಟಿ ಹುಟ್ಟಿದವರು ಅಂತ ತೋರಿಸಿದ. ಒಳಗೇನಾಗಿದೆ ಅಂತ ನೋಡೋಕೆ ಸಿ.ಟಿ. ಸ್ಕ್ಯಾನ್ ಬರಬೇಕಾಯ್ತು. 1978ರಲ್ಲಿ ಅಮೆರಿಕದ ಲು-ಆನ್ ಪಪಿಲ್ ತಂಡ 1500 ಗ್ರಾಂಗಿಂತ ಕಡಿಮೆ ತೂಕದ 46 ಕೂಸುಗಳ ಸ್ಕ್ಯಾನ್ ಮಾಡಿದಾಗ 20 ಕೂಸುಗಳ ಮಿದುಳಲ್ಲಿ ರಕ್ತಸ್ರಾವ ಕಂಡಿತು.

ಸುಮಾರು 32 ವಾರದ ತನಕ ಮಿದುಳಿನ ನಡುವೆ ತೀರಾ ತೆಳುವಾದ ರಕ್ತನಾಳಗಳ ಒಂದು ಪದರ ಇರುತ್ತೆ. ರಕ್ತದೊತ್ತಡ ಏರಿಳಿದರೆ ತಡೆಯೋ ಶಕ್ತಿ ಅದಕ್ಕಿಲ್ಲ. ಹೆಚ್ಚಿನ ರಕ್ತಸ್ರಾವ ಮೊದಲ ಮೂರು ದಿನದಲ್ಲೇ ಆಗುತ್ತೆ. ತಾಯಿಗೆ ಸೋಂಕು, ಮಗುವಿಗೆ ಉಸಿರಾಟದ ತೊಂದರೆ ಇವೆಲ್ಲ ಅಪಾಯದ ಕಾರಣಗಳು. ಆದರೆ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು: ಒಂದು ಕಡೆ ಹುಟ್ಟಿದ ಕೂಸನ್ನ ಇನ್ನೊಂದು ಕಡೆಗೆ ಸಾಗಿಸೋದು.

ನಮ್ಮ ಕಡೆ ನೋಡಿ. 1997ರ ತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿ. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಜಿಲ್ಲೆ ಬದಲಾಯ್ತು, ದಾರಿ ಸವೆಯಲಿಲ್ಲ. ಜಗಳೂರಿಂದ ದಾವಣಗೆರೆಗೆ ಐವತ್ತು ಕಿಲೋಮೀಟರ್ ಆಸುಪಾಸು. ಒಂದು ಕೆಜಿ ಕೂಸಿಗೆ ವೆಂಟಿಲೇಟರ್ ಬೇಕು ಅಂದ್ರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಓಡಬೇಕು. 2008ರ ನವೆಂಬರಿನಲ್ಲಿ 108 ಬಂತು, ಸರಿ. ಆದರೆ ಆಂಬುಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಕೂಸನ್ನ ಸಾಗಿಸೋಕೆ ತಾಯಿ ಹೊಟ್ಟೆಯಂಥ ಗಾಡಿ ಇಲ್ಲ. ಹೆರಿಗೆಗೆ ಮುಂಚೆಯೇ ತಾಯಿಯನ್ನ ಕಳಿಸಬೇಕು ಅನ್ನೋದು ಅದಕ್ಕೇ.

ಇನ್ನೊಂದು ಉಪಾಯ ಹೊಳೆದದ್ದು ಕುರಿಗಳಿಂದ! ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಪ್ರಯೋಗದಲ್ಲಿ, ಸ್ಟೆರಾಯ್ಡ್ ಸಿಕ್ಕಿದ್ದ ಮರಿಗಳು ತೀರಾ ಬೇಗ ಹುಟ್ಟಿಯೂ ಉಸಿರಾಡಿದವು. 1972ರಲ್ಲಿ ಆತ ರಾಸ್ ಹೌವಿ ಜೊತೆ ತಾಯಂದಿರ ಮೇಲಿನ ಪ್ರಯೋಗದ ಫಲಿತಾಂಶ ಪ್ರಕಟಿಸಿದ. ಈ ಇಂಜೆಕ್ಷನ್ ಮಿದುಳಿನ ರಕ್ತಸ್ರಾವವನ್ನೂ ತಗ್ಗಿಸುತ್ತೆ ಅಂತ ಆಮೇಲಿನ ಅಧ್ಯಯನಗಳಲ್ಲಿ ಸಾಬೀತಾಯ್ತು.

ಹಾಗಾದ್ರೆ ಹಳ್ಳಿಹಳ್ಳಿಯಲ್ಲೂ ಕೊಡಬಹುದಲ್ಲ? ಆರು ದೇಶಗಳಲ್ಲಿ ಅದನ್ನೇ ಮಾಡಿ ನೋಡಿದರು, ನಮ್ಮ ಬೆಳಗಾವಿಯೂ ಅದರಲ್ಲಿತ್ತು. 2015ರ ಫಲಿತಾಂಶ ದಂಗುಬಡಿಸುವಂಥದ್ದು. ಒಟ್ಟಾರೆ ಶಿಶುಮರಣ ಸಾವಿರಕ್ಕೆ 3.5ರಷ್ಟು ಹೆಚ್ಚಿತ್ತು. ತಿಂಗಳ ಲೆಕ್ಕ ತಪ್ಪಿ, ಬೇಡದ ಎಷ್ಟೋ ತಾಯಂದಿರಿಗೂ ಔಷಧಿ ಹೋಗಿತ್ತು. 2020ರಲ್ಲಿ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಅಲ್ಟ್ರಾಸೌಂಡಿನಿಂದ ವಾರ ಲೆಕ್ಕ ಹಾಕಿ ಕೊಟ್ಟಾಗ, ನವಜಾತ ಶಿಶುಗಳ ಸಾವು ಶೇ. 23.5ರಿಂದ 19.6ಕ್ಕೆ ಇಳಿಯಿತು. ಇಂಜೆಕ್ಷನ್ ಅದೇ. ಬಸುರಿನ ಮೊದಲ ತಿಂಗಳುಗಳಲ್ಲಿ ಮಾಡಿಸಿದ ಒಂದು ಸ್ಕ್ಯಾನ್, ಹತ್ತಿರದಲ್ಲೊಂದು ಸಜ್ಜಾದ ಆಸ್ಪತ್ರೆ, ವ್ಯತ್ಯಾಸ ಇದ್ದದ್ದು ಅಲ್ಲಿ.