ಕ್ಷೌರದ ನೊರೆ ಮತ್ತು ಮೊದಲನೆಯ ಮಹಾಯುದ್ಧ

ನಿತ್ಯೋಪಯೋಗಿ ವಸ್ತುಗಳ ಚರಿತ್ರೆಯನ್ನು ಬರೆಯುವುದು ವಿದ್ವತ್ತಿಗೆ ತಕ್ಕ ಕಾರ್ಯವಲ್ಲವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ರಾಜವಂಶಗಳ ಕಾಲನಿರ್ಣಯಕ್ಕೂ ಶಾಸನಗಳ ಪಾಠಪರಿಷ್ಕರಣಕ್ಕೂ ಸಂದಿರುವ ಶ್ರದ್ಧೆಯ ನೂರರಲ್ಲೊಂದು ಪಾಲೂ ಸಾಬೂನು, ಬಾಚಣಿಗೆ, ಕ್ಷೌರದ ಕತ್ತಿಗಳಿಗೆ ಸಂದಿಲ್ಲ. ಆದರೆ ಇಂಥ ವಸ್ತುವೊಂದರ ಜಾಡು ಹಿಡಿದು ಹೋದರೆ ಕೆಲವು ವೇಳೆ ಖಂಡಾಂತರ ವಾಣಿಜ್ಯದ ಮಾರ್ಗಗಳೇ ಕಣ್ಣಿಗೆ ಬೀಳುತ್ತವೆ. 1914ರ ಮಹಾಯುದ್ಧದ ದಿನಗಳಲ್ಲಿ ಕ್ಷೌರದ ಬ್ರಷ್ಷು ಮಾರಕವಾದ ವ್ಯಾಧಿಯೊಂದರ ವಾಹಕವಾದ ವೃತ್ತಾಂತವನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲು ನೊರೆಯ ವಿಚಾರವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಬ್ರಷ್ಷಿನ ಕೂದಲಿಗೆ ಅಷ್ಟೊಂದು ಬೆಲೆ ಏಕೆ ಬಂದಿತೆಂಬುದು ಅದರಿಂದಲೇ ತಿಳಿಯತಕ್ಕುದು. ಒಣಗಿದ ಗಡ್ಡದ ಕೂದಲು ಬಹು ಗಡುಸು. ಬೆಚ್ಚನೆಯ ನೀರನ್ನು ಎರಡು ಮೂರು ನಿಮಿಷ ಹೀರಿಕೊಂಡರೆ ಅದು ಉಬ್ಬಿ, ಮೆತ್ತಗಾಗಿ, ಕತ್ತಿಗೆ ಸುಲಭವಾಗಿ ಮಣಿಯುತ್ತದೆ. ಈ ನೀರು ಸುರಿದುಹೋಗದಂತೆಯೂ ಆರಿಹೋಗದಂತೆಯೂ ಮುಖದ ಮೇಲೆ ಹಿಡಿದಿಡುವುದೇ ನೊರೆಯ ಮುಖ್ಯ ಕಾರ್ಯ. ಆದ್ದರಿಂದ ಕ್ಷೌರದ ಸಾಬೂನಿನ ಪಾಕ ಸ್ನಾನದ ಸಾಬೂನಿನದಕ್ಕಿಂತ ಬೇರೆ. ತೆಂಗಿನೆಣ್ಣೆಯ ಸಾಬೂನು ಬಲುಬೇಗ ನೊರೆಗೊಡುವುದಾದರೂ ಅದರ ಗುಳ್ಳೆಗಳು ದೊಡ್ಡವು, ಅಲ್ಪಾಯುಗಳು. ಸ್ಟಿಯರಿಕ್ ಆಮ್ಲದ ಅಂಶ ಅಧಿಕವಾಗಿರುವ ಸಾಬೂನಿನ ನೊರೆ ತಡವಾಗಿ ಏಳುತ್ತದೆ, ಆದರೆ ಸಣ್ಣ ಗುಳ್ಳೆಗಳಿಂದ ದಟ್ಟವಾಗಿ ಬಹುಹೊತ್ತು ನಿಲ್ಲುತ್ತದೆ. ಫ್ರಾನ್ಸಿನ ಷೆವ್ರೂಲನು ಕೊಬ್ಬುಗಳ ರಚನೆಯನ್ನು ಕುರಿತ ತನ್ನ ಸಂಶೋಧನೆಗಳನ್ನು 1823ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಮೇಲೆ ಈ ಆಮ್ಲದ ಸ್ವರೂಪ ಸ್ಪಷ್ಟವಾಯಿತು. ಸೋಡಾ ಕ್ಷಾರದಿಂದ ಮಾತ್ರವೇ ಮಾಡಿದ ಸಾಬೂನು ಗಟ್ಟಿ, ಬೇಗ ಕರಗದು. ಪೊಟ್ಯಾಷ್ ಕ್ಷಾರದ್ದು ಮೆತುವು, ಬೇಗ ಕರಗುವಂಥದು. ಎರಡನ್ನೂ ಬೆರೆಸಿದರೆ ಕ್ಷೌರಕ್ಕೆ ಒಪ್ಪುವ ಸಾಬೂನಾಗುತ್ತದೆ.

ಒಳ್ಳೆಯ ಸಾಬೂನಿದ್ದ ಮಾತ್ರಕ್ಕೆ ಒಳ್ಳೆಯ ನೊರೆ ಬರುವುದಿಲ್ಲ. ಬ್ರಷ್ಷನ್ನು ಬಿಸಿನೀರಿನಲ್ಲಿ ನೆನೆಯಿಸಿ, ಹೆಚ್ಚಿನ ನೀರನ್ನು ಕೊಡವಿ, ಸಾಬೂನಿನ ಮೇಲೆ ಅರ್ಧ ನಿಮಿಷವಾದರೂ ಸುತ್ತಾಡಿಸಬೇಕು. ಅನಂತರ ಬಟ್ಟಲಿನಲ್ಲೋ ಮುಖದ ಮೇಲೋ ಹನಿಹನಿಯಾಗಿ ನೀರು ಸೇರಿಸುತ್ತ ಕಲಸಬೇಕು. ಮೊದಲಲ್ಲಿಯೇ ನೀರು ಹೆಚ್ಚಾದರೆ ಬರಿಯ ಗುಳ್ಳೆ ಏಳುತ್ತದೆ. ನೀರು ಸಾಲದಿದ್ದರೆ ಅಂಟಂಟಾದ ಲೇಪ ಉಳಿಯುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಕರಗದ ಜಿಡ್ಡಾಗಿಬಿಡುವುದರಿಂದ ನೊರೆ ಸರಿಯಾಗಿ ಕಟ್ಟುವುದಿಲ್ಲ. (ನಮ್ಮ ಬಯಲುಸೀಮೆಯ ಬಾವಿನೀರಿನಲ್ಲಿ ಮುಖಕ್ಷೌರ ಮಾಡಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಈ ಕಾರ್ಯದಲ್ಲಿ ನೀರಿನ ಭಂಡಾರವಾಗಿ ನಿಲ್ಲುವುದು ಬ್ರಷ್ಷಿನ ಕೂದಲು. ಬ್ಯಾಡ್ಜರ್ ಎಂಬ ಬಿಲವಾಸಿ ಮೃಗದ ಕೂದಲು ತುದಿಯಲ್ಲಿ ನವುರಾಗಿದ್ದು, ತನ್ನ ಎಳೆಗಳ ನಡುವೆ ನೀರನ್ನು ಧಾರಾಳವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ ಅದಕ್ಕೆ ಅಗ್ರಸ್ಥಾನ. ಹಂದಿಯ ಕೂದಲು ಒರಟು, ಅಗ್ಗ. ಕುದುರೆಯ ಕೂದಲನ್ನೂ ಬಳಸುವುದುಂಟು.

ಯುದ್ಧಕ್ಕೆ ಮುಂಚೆ ರಷ್ಯ ಮೊದಲಾದ ಪ್ರದೇಶಗಳ ಉತ್ತಮ ಕೂದಲು ಜರ್ಮನಿಯ ವ್ಯಾಪಾರಿಗಳ ಕೈಸೇರಿ, ಅಲ್ಲಿ ಸಂಸ್ಕಾರಗೊಂಡು, ಬಳಿಕ ಇಂಗ್ಲೆಂಡಿಗೂ ಅಮೆರಿಕಕ್ಕೂ ಹೋಗುತ್ತಿತ್ತು. 1914ರಲ್ಲಿ ಈ ದಾರಿ ಮುಚ್ಚಿತು. ಮೈಸೂರಿನ ಶ್ರೀಗಂಧಕ್ಕೂ ಆಗ ಇದೇ ಗತಿ ಬಂದಿತೆಂಬುದು ಸ್ಮರಣೀಯ. ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿದ್ದ ಮರ ಇಲ್ಲಿಯೇ ಉಳಿದುದರಿಂದ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಉತ್ಪಾದನೆ ಆರಂಭವಾಯಿತು. ಮೈಸೂರಿಗೆ ಹೊಸ ಉದ್ಯಮವನ್ನು ತಂದ ಅಡಚಣೆಯೇ ಬ್ರಷ್ಷಿನ ವ್ಯಾಪಾರಕ್ಕೆ ಕೇಡನ್ನು ತಂದಿತು. ಚೀನ, ಸೈಬೀರಿಯಗಳ ಕುದುರೆಗೂದಲಿಗೆ ಬಣ್ಣಗಟ್ಟಿ, ಬ್ಯಾಡ್ಜರ್ ಕೂದಲಿನಂತೆ ತೋರುವ ಅಗ್ಗದ ಬ್ರಷ್ಷುಗಳನ್ನು ಮಾಡಿ ಮಾರತೊಡಗಿದರು. ಜಪಾನಿನಲ್ಲಿ ತಯಾರಾದವೂ ಅವುಗಳಲ್ಲಿ ಬಹಳವಾಗಿದ್ದುವು. ಹಿಂದೆ ನಡೆಯುತ್ತಿದ್ದ ಶುದ್ಧೀಕರಣ ಈಗ ಎಷ್ಟೋ ಸರಕಿಗೆ ತಪ್ಪಿಹೋಯಿತು.

ಆ ಕೂದಲಿನಲ್ಲಿ ಆಂಥ್ರಾಕ್ಸ್ ರೋಗಾಣುವಿನ ಬೀಜಕಣಗಳಿದ್ದುವು. ಇದು ನಮ್ಮ ರೈತರು ದನಕರುಗಳಲ್ಲಿ ಕಂಡು ನೆರಡಿ ಎಂದು ಕರೆಯುವ ರೋಗ. ಇದರ ಬೀಜಕಣಗಳ ಜೀವನಕ್ರಮವನ್ನು 1876ರಲ್ಲಿ ರಾಬರ್ಟ್ ಕಾಖ್ ನಿರೂಪಿಸಿದ್ದನು. ಅವು ಒಣ ಸ್ಥಿತಿಯಲ್ಲಿ ದಶಕಗಳ ಕಾಲ ಬದುಕಿರಬಲ್ಲವು. ಕ್ಷೌರಕ್ಕೆ ಬಳಸುವ ಬೆಚ್ಚನೆಯ ನೀರಾಗಲಿ ಸಾಬೂನಾಗಲಿ ಅವುಗಳನ್ನು ಕೊಲ್ಲಲಾರದು. ನೊರೆಯನ್ನು ಶ್ರದ್ಧೆಯಿಂದ ಕಲಸಿದಷ್ಟೂ ಬೀಜಕಣಗಳು ಚರ್ಮಕ್ಕೆ ಚೆನ್ನಾಗಿ ತಗಲುತ್ತಿದ್ದುವು. ಕತ್ತಿಯ ಗೀರು ಅವುಗಳಿಗೆ ಬಾಗಿಲು ತೆರೆಯುತ್ತಿತ್ತು. ಹುಣ್ಣು ಗಲ್ಲ, ಕತ್ತುಗಳಲ್ಲಿ ಏಳುತ್ತಿದ್ದುದರಿಂದ ಬಾವು ಉಸಿರನ್ನೇ ಕಟ್ಟಿಸುವಷ್ಟು ಅಪಾಯಕರವಾಗುತ್ತಿತ್ತು. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಸೈನಿಕರೂ ನಾಗರಿಕರೂ ಸೇರಿ ಇನ್ನೂರಕ್ಕೂ ಮಿಕ್ಕ ಜನ ಹೀಗೆ ರೋಗಕ್ಕೆ ತುತ್ತಾದರು. ಯುದ್ಧದ ಒಟ್ಟು ಸಾವುನೋವುಗಳ ಮುಂದೆ ಈ ಸಂಖ್ಯೆ ಅತ್ಯಲ್ಪ. ಆದರೆ ಸೈನಿಕನಿಗೆ ಕ್ಷೌರವೆಂಬುದು ಇಚ್ಛೆಯ ವಿಷಯವಾಗಿರಲಿಲ್ಲ. ಆಜ್ಞೆಗೆ ಒಳಪಟ್ಟು ಮಾಡಿದ ಕಾರ್ಯದಿಂದಲೇ ಅವನು ಸತ್ತನೆಂದ ಮೇಲೆ ಸರ್ಕಾರ ಅದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿರಲಿಲ್ಲ.

ಸೈನಿಕರು ಗಡ್ಡ ಬೋಳಿಸತೊಡಗಿದ್ದು ವಿಷಾನಿಲದ ಮುಖವಾಡ ಮುಖಕ್ಕೆ ಬಿಗಿಯಾಗಿ ಕೂಡಬೇಕೆಂದು ಎಂಬುದಾಗಿ ಹಲವರು ಬರೆಯುವುದುಂಟು. ಇದು ಅರ್ಧಸತ್ಯ. ಈಪ್ರ್‌ನಲ್ಲಿ ಕ್ಲೋರಿನ್ ಪ್ರಯೋಗವಾದುದು 1915ರ ಏಪ್ರಿಲಿನಲ್ಲಿ. ಬ್ರಿಟಿಷ್ ಸೈನ್ಯದ ನಿಯಮಗಳಾದರೋ ಗಲ್ಲದ ಕ್ಷೌರವನ್ನು ಅದಕ್ಕೂ ಮುಂಚಿನಿಂದ ವಿಧಿಸಿದ್ದುವು. ಮೀಸೆಯನ್ನು ಬಿಡಲೇಬೇಕೆಂಬ ಕಟ್ಟಳೆ ಮಾತ್ರ 1916ರ ಅಕ್ಟೋಬರಿನಲ್ಲಿ ರದ್ದಾಯಿತು. ಮುಖವಾಡವು ಹಳೆಯ ಶಿಸ್ತಿಗೆ ಹೊಸ ಕಾರಣವೊಂದನ್ನು ಒದಗಿಸಿತೆನ್ನುವುದೇ ಯುಕ್ತ.

ಬ್ರಿಟನ್ನಿನಲ್ಲಿ 1919ರಲ್ಲಿ ಆಂಥ್ರಾಕ್ಸ್ ನಿವಾರಣೆಯ ಕಾನೂನು ಬಂದಿತು. 1920ರಲ್ಲಿ ಜಪಾನಿನ ಕ್ಷೌರದ ಬ್ರಷ್ಷುಗಳ ಆಮದನ್ನು ನಿಷೇಧಿಸಿದರು. ಉಣ್ಣೆ ಮತ್ತು ಕೂದಲುಗಳ ಶುದ್ಧಿಗಾಗಿ ಸರ್ಕಾರದ ಕೇಂದ್ರವೊಂದು 1921ರಲ್ಲಿ ಲಿವರ್‌ಪೂಲಿನಲ್ಲಿ ಆರಂಭವಾಯಿತು. ಅಲ್ಲಿ ಸರಕನ್ನು ಮೊದಲು ಕ್ಷಾರ ಬೆರೆಸಿದ ಬೆಚ್ಚನೆಯ ಸಾಬೂನು ನೀರಿನಲ್ಲಿ ತೊಳೆದು, ಜಿಡ್ಡು ರಕ್ತಗಳ ಹೊದಿಕೆಯನ್ನು ಕಳೆದು, ಆಮೇಲೆ ಫಾರ್ಮಾಲ್ಡಿಹೈಡ್ ದ್ರಾವಣದಲ್ಲಿ ಅದ್ದುತ್ತಿದ್ದರು. ಸಾಬೂನಿಗೆ ತಾನಾಗಿ ಬೀಜಕಣವನ್ನು ಕೊಲ್ಲುವ ಶಕ್ತಿಯಿಲ್ಲದಿದ್ದರೂ ಕೊಲ್ಲುವ ದ್ರವ್ಯಕ್ಕೆ ದಾರಿಮಾಡಿಕೊಡುವ ಶಕ್ತಿಯಿತ್ತು.

ಬ್ರಷ್ಷೇ ಬೇಡದ ಕ್ಷೌರದ ಕ್ರೀಮನ್ನು ಅಮೆರಿಕದ ಫ್ರ್ಯಾಂಕ್ ಷೀಲ್ಡ್ಸ್ ಎಂಬಾತನು 1919ರಲ್ಲಿ ಬಾರ್ಬಸಾಲ್ ಎಂಬ ಹೆಸರಿನಿಂದ ಹೊರತಂದನು. ಕಾಲಸಾಮೀಪ್ಯವನ್ನು ನೋಡಿ, ಇದು ರೋಗಭೀತಿಯ ಫಲವೆಂದು ಊಹಿಸಲು ಯಾರಿಗಾದರೂ ಮನಸ್ಸಾದೀತು. ನಮಗೆ ಅದು ಒಪ್ಪಿಗೆಯಾಗದು. ಬ್ರಷ್ಷಿನ ಆಮದಿಗೆ ಕಾನೂನಿನ ತಡೆಯೊಡ್ಡಿದ ಬ್ರಿಟನ್ನಿನಲ್ಲಿಯೇ ಜನ ಮುಂದೆಯೂ ಬಹುಕಾಲ ಬ್ರಷ್ಷಿನಿಂದಲೇ ನೊರೆ ಕಲಸುತ್ತಿದ್ದರು. ಅಮೆರಿಕದಲ್ಲಿ ಆ ಕ್ರೀಮು ಗೆದ್ದುದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕು. ಯುದ್ಧಕಾಲದಲ್ಲಿ ಅಲ್ಲಿಯ ಸರ್ಕಾರ ಜಿಲೆಟ್ ಕಂಪನಿಯಿಂದ ಸುಮಾರು 35 ಲಕ್ಷ ಸುರಕ್ಷಿತ ರೇಜರುಗಳನ್ನು ಕೊಂಡು ಸೈನಿಕರಿಗೆ ಹಂಚಿತ್ತು. ಕ್ಷೌರಿಕನ ಅಂಗಡಿಯ ಹಂಗು ತೊರೆದು, ದಿನವೂ ತಾನೇ ಅವಸರದಲ್ಲಿ ಮುಖಕ್ಷೌರ ಮಾಡಿಕೊಳ್ಳುವ ಗೃಹಸ್ಥನಿಗೆ ನೊರೆ ಕಲಸುವ ಮೂರು ನಿಮಿಷವೂ ದುಬಾರಿಯಾಗಿ ಕಂಡಿರಬೇಕು.