ಕೇಪಿನ ಕೋವಿಯ ಈಡು

ಕೇಪಿನ ಕೋವಿಯ ಈಡು ಎಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಒಮ್ಮೆ ಹಾರಿಸಲು ಬೇಕಾಗುವ ಮದ್ದು, ಅದರ ಮೇಲೆ ತುರುಕುವ ನಾರು ಹಾಗೂ ಚರೆ ಅಥವಾ ಗುಂಡುಗಳ ಒಟ್ಟು ಪ್ರಮಾಣ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಬೆಳೆ ರಕ್ಷಣೆಗಾಗಿ ರೈತರು ಪರವಾನಗಿ ಪಡೆದು ಇಟ್ಟುಕೊಳ್ಳುವ ಆಯುಧಗಳಲ್ಲಿ ಈ ಬಗೆಯ ಕೋವಿಯೂ ಸೇರಿದೆ. ಕಾರ್ಖಾನೆಯಲ್ಲಿ ತಯಾರಾದ ತೋಟಾದಲ್ಲಿ ಮದ್ದಿನ ಪ್ರಮಾಣ ಮೊದಲೇ ನಿಗದಿಯಾಗಿರುತ್ತದೆ. ಕೇಪಿನ ಕೋವಿಯಲ್ಲಿ ಅದನ್ನು ಪ್ರತಿ ಬಾರಿಯೂ ಹಾರಿಸುವವರೇ ಅಳೆಯಬೇಕು. ಆದ್ದರಿಂದ ಅಳತೆಯ ಏಕರೂಪತೆಯು ಗುರಿಗೆ ಮಾತ್ರವಲ್ಲದೆ ಹಾರಿಸುವವರ ಸುರಕ್ಷತೆಗೂ ಮುಖ್ಯವಾಗಿದೆ.

ರಚನೆ ಮತ್ತು ಕಾರ್ಯವಿಧಾನ

ಕೇಪು ಎಂಬುದು ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಒಳಗೊಂಡ ತೆಳು ಲೋಹದ ಪುಟ್ಟ ಬಟ್ಟಲು. ಪೆಟ್ಟಿನಿಂದ ಮದ್ದನ್ನು ಹೊತ್ತಿಸುವ ಈ ತತ್ತ್ವಕ್ಕೆ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಜಾನ್ ಫೋರ್ಸಿತ್ 1807ರಲ್ಲಿ ಹಕ್ಕುಸ್ವಾಮ್ಯ ಪಡೆದನು. ಕೇಪು ಬಳಕೆಗೆ ಬಂದದ್ದು ಅನಂತರ. ಕೋವಿಯ 'ಕುದುರೆ' ಕೇಪಿನ ಮೇಲೆ ಬಡಿದಾಗ ಹುಟ್ಟುವ ಕಿಡಿಯು ಸಣ್ಣ ರಂಧ್ರದ ಮೂಲಕ ನಳಿಗೆಯ ಬುಡದಲ್ಲಿರುವ ಮದ್ದನ್ನು ತಲುಪುತ್ತದೆ. ಮದ್ದು ಉರಿದು ಉಂಟಾಗುವ ಅನಿಲದ ಒತ್ತಡವು ಚರೆಯನ್ನು ಹೊರದೂಡುತ್ತದೆ. ಮೊದಲು ಮದ್ದು, ಅದರ ಮೇಲೆ ನಾರು ಅಥವಾ ಕಾಗದ, ಬಳಿಕ ಚರೆ, ಕೊನೆಗೆ ಚರೆ ಉರುಳದಂತೆ ಮತ್ತೊಂದು ಪದರ ಎಂಬುದು ತುಂಬುವ ಕ್ರಮ. ಇವನ್ನು ಒತ್ತಲು ಬಳಸುವ ಸರಳಿಗೆ ಗಜ ಎಂದು ಹೆಸರು. ಮಂಗಗಳನ್ನು ಓಡಿಸಲು ಚರೆಯಿಲ್ಲದೆ ಸದ್ದಿನ ಈಡನ್ನು ಮಾತ್ರ ಹಾರಿಸುವುದೂ ಉಂಟು.

ಅಳತೆ

ಮಲೆನಾಡಿನಲ್ಲಿ ಈಡನ್ನು ಬೆರಳಿನ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ತುಂಬಿದ ನಂತರ ಗಜವು ನಳಿಗೆಯ ಬಾಯಿಂದ ಎಷ್ಟು ಬೆರಳು ಹೊರಗೆ ನಿಲ್ಲುತ್ತದೆ ಎಂಬುದನ್ನು ಇದು ಸೂಚಿಸುತ್ತದೆ. ಈ ಪದ್ಧತಿ ಸುಲಭವಾದರೂ ನಿಖರವಲ್ಲ. ಬೆರಳಿನ ದಪ್ಪ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತದೆ. ನಾರನ್ನು ಸಡಿಲವಾಗಿ ಒತ್ತಿದರೆ ಕಡಿಮೆ ಮದ್ದೂ ಹೆಚ್ಚಾಗಿ ಕಾಣುತ್ತದೆ. ಮದ್ದು ಹೆಚ್ಚೋ ಚರೆ ಹೆಚ್ಚೋ ಎಂಬುದು ಗಜದ ಎತ್ತರದಿಂದ ತಿಳಿಯುವುದಿಲ್ಲ.

ನಿಗದಿತ ಗಾತ್ರದ ಅಳತೆಗೊಳವೆಯ ಬಳಕೆ ಇದಕ್ಕಿಂತ ವಿಶ್ವಾಸಾರ್ಹ. ಆದರೆ ಅದೇ ಕೊಳವೆಯಲ್ಲಿಯೂ ಮದ್ದಿನ ತೂಕ ವ್ಯತ್ಯಾಸವಾಗಬಲ್ಲದು. ನುಣುಪಾದ ಕಾಳು, ದಪ್ಪ ಕಾಳುಗಳು ಬೇರೆ ಬೇರೆ ರೀತಿ ಅಡಕವಾಗುತ್ತವೆ. ಕೊಳವೆಯನ್ನು ಕುಟ್ಟಿದರೆ ಮದ್ದು ಇಳಿದು ಇನ್ನಷ್ಟು ಹಿಡಿಸುತ್ತದೆ. ಒಂದೇ ಬಗೆಯ ಮದ್ದು, ಒಂದೇ ರೀತಿಯ ಸುರಿಯುವಿಕೆ, ಅಂಚಿಗೆ ಸಮನಾಗಿ ಸವರುವುದು ಮತ್ತು ಗಜದ ಒಂದೇ ಹದದ ಒತ್ತಡ ಇವು ಏಕರೂಪತೆಯ ಆಧಾರಗಳು. ತೂಕದಿಂದ ಅಳೆಯುವ ದೇಶಗಳಲ್ಲಿ ಗ್ರೇನ್ ಎಂಬ ಮಾನ ಬಳಕೆಯಲ್ಲಿದೆ. ಒಂದು ಗ್ರೇನ್ ಸುಮಾರು 64.8 ಮಿಲಿಗ್ರಾಂ.

ತೇವದ ಪರಿಣಾಮ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗಿಂತ ಹೆಚ್ಚು. ಇಂತಹ ಹವೆಯಲ್ಲಿ ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣವಾದ ಕರಿಮದ್ದು ತೇವ ಹೀರುತ್ತದೆ. ತೇವಗೊಂಡ ಮದ್ದು ತೂಕದಲ್ಲಿ ಸರಿಯಾಗಿದ್ದರೂ ನಿಧಾನವಾಗಿ ಉರಿಯುತ್ತದೆ ಅಥವಾ ಹೊತ್ತುವುದೇ ಇಲ್ಲ. ದುರ್ಬಲವಾಯಿತೆಂದು ಮದ್ದಿನ ಪ್ರಮಾಣವನ್ನು ಏರಿಸುವವರಿಗೆ ಬೇಸಿಗೆಯಲ್ಲಿ ಒಣಮದ್ದಿನ ಅದೇ ಅಳತೆ ಅಪಾಯಕಾರಿಯಾಗಬಹುದು. ಮದ್ದನ್ನು ಬೆಂಕಿಯ ಬಳಿ ಒಣಗಿಸುವುದು ಸ್ಫೋಟಕ್ಕೆ ಕಾರಣವಾಗಬಲ್ಲದು. ಹಾರಿಸಿದ ಬಳಿಕ ನಳಿಗೆಯಲ್ಲಿ ಉಳಿಯುವ ಮಸಿಯೂ ತೇವ ಹೀರಿ ತುಕ್ಕು ಹಿಡಿಸುವುದರಿಂದ ಕಬ್ಬಿಣ ಸವೆದು ನಳಿಗೆ ದುರ್ಬಲವಾಗುತ್ತದೆ.

ಅಪಾಯಗಳು

ತುಂಬಿದ್ದನ್ನು ಮರೆತು ಮತ್ತೊಮ್ಮೆ ತುಂಬುವುದು ಮುಖ್ಯ ಅಪಾಯಗಳಲ್ಲಿ ಒಂದು. ಖಾಲಿ ನಳಿಗೆಯ ಆಳವನ್ನು ಗಜದ ಮೇಲೆ ಗುರುತಿಸಿಟ್ಟರೆ ಒಳಗೆ ಈಡು ಇದೆಯೇ ಎಂಬುದು ತಿಳಿಯುತ್ತದೆ. ಮದ್ದು ಮತ್ತು ಚರೆಯ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಸೀಳುವ ಸಂಭವವಿದೆ. ಹಿಂದಿನ ಈಡಿನ ಕೆಂಡ ಒಳಗಿರಬಹುದಾದ್ದರಿಂದ ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಆಧುನಿಕ ತೋಟಾಗಳಲ್ಲಿರುವ ಹೊಗೆರಹಿತ ಮದ್ದಿನ ಶಕ್ತಿ ಕರಿಮದ್ದಿಗಿಂತ ಬಹಳ ಹೆಚ್ಚು. ತೋಟಾ ಬಿಚ್ಚಿ ಅದನ್ನು ಕೇಪಿನ ಕೋವಿಗೆ ಹಾಕಿದರೆ ನಳಿಗೆ ಸಿಡಿದು ಕೈ, ಕಣ್ಣು ಅಥವಾ ಪ್ರಾಣ ಹೋಗಬಹುದು. ಕುದುರೆ ಬಡಿದರೂ ಈಡು ಹಾರದಿದ್ದಲ್ಲಿ ತಡವಾಗಿ ಸಿಡಿಯುವ ಸಾಧ್ಯತೆ ಇರುವುದರಿಂದ ನಳಿಗೆಯನ್ನು ನಿರಪಾಯ ದಿಕ್ಕಿಗೆ ಹಿಡಿದು ಕಾಯಬೇಕಾಗುತ್ತದೆ.

ಕಾನೂನು

1959ರ ಆಯುಧ ಅಧಿನಿಯಮದ 13ನೆಯ ಪ್ರಕರಣವು ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿಯೇ ಪರವಾನಗಿಗೆ ಅವಕಾಶ ಕಲ್ಪಿಸಿದೆ. ಕೋವಿಗೆ ತುಂಬುವ ಈಡು, ಮದ್ದುಗುಂಡಿನ ಬಿಡಿಭಾಗಗಳು ಮತ್ತು ಅವನ್ನು ತಯಾರಿಸುವ ಯಂತ್ರಗಳು ಸಹ ಇದೇ ಕಾಯಿದೆಯ 'ಮದ್ದುಗುಂಡು' ವ್ಯಾಖ್ಯೆಗೆ ಒಳಪಡುತ್ತವೆ. ಮದ್ದುಗುಂಡು ತಯಾರಿಕೆಗೆ 5ನೆಯ ಪ್ರಕರಣದಂತೆ ಪ್ರತ್ಯೇಕ ಪರವಾನಗಿ ಬೇಕು. ಆದ್ದರಿಂದ ಅಮೆರಿಕದಂತಹ ದೇಶಗಳಲ್ಲಿ ಹವ್ಯಾಸವಾಗಿರುವ, ಬಳಸಿದ ತೋಟಾಗಳನ್ನು ಮನೆಯಲ್ಲಿ ಮರುತುಂಬುವ ಕೆಲಸಕ್ಕೆ ಕೋವಿಯ ಪರವಾನಗಿಯಷ್ಟೇ ಸಾಲದು. 2019ರ ತಿದ್ದುಪಡಿಯು ಪರವಾನಗಿಯ ಅವಧಿಯನ್ನು ಮೂರು ವರ್ಷಗಳಿಂದ ಐದು ವರ್ಷಗಳಿಗೆ ಏರಿಸಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಶಿವಮೊಗ್ಗ ಜಿಲ್ಲೆಗೆ ಅನ್ವಯಿಸುವುದಿಲ್ಲ.

ಕೋವಿಯ ಪರವಾನಗಿಯು ಪ್ರಾಣಿಯನ್ನು ಕೊಲ್ಲುವ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 9ನೆಯ ಪ್ರಕರಣವು ಬೇಟೆಯನ್ನು ನಿಷೇಧಿಸುತ್ತದೆ. ಬೆಳೆಗೆ ಹಾನಿ ಮಾಡುವ ಕೆಲವು ಪ್ರಾಣಿಗಳ ವಿಷಯದಲ್ಲಿ 11ನೆಯ ಪ್ರಕರಣದಂತೆ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಅಗತ್ಯ. ಚುನಾವಣೆಯ ಸಮಯದಲ್ಲಿ ಪರವಾನಗಿಯ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವಂತೆ ಸೂಚಿಸುವುದರಿಂದ, ಆ ಅವಧಿಯಲ್ಲಿ ಕಾಡುಹಂದಿ ಮತ್ತು ಮಂಗಗಳಿಂದ ಬೆಳೆ ಕಾಯುವುದು ಕಷ್ಟವೆಂಬ ಆಕ್ಷೇಪ ಮಲೆನಾಡಿನ ರೈತರಲ್ಲಿದೆ.

ಸಾಹಿತ್ಯದಲ್ಲಿ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' (1933) ಕೃತಿಯಲ್ಲಿ ಬೇಟೆಯ ಅನುಭವಗಳ ಬರಹಗಳಿವೆ. 'ಕಾನೂರು ಹೆಗ್ಗಡಿತಿ' (1936) ಮತ್ತು 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳಲ್ಲಿಯೂ ಕೋವಿ ಮಲೆನಾಡಿನ ಮನೆಬಳಕೆಯ ವಸ್ತುವಾಗಿ ಕಾಣಿಸಿಕೊಳ್ಳುತ್ತದೆ.